ಮಣ್ಣಿಗೆ ಬಂದ ಮಗಳು

ಎದೆಗೆ ವೈರುಗಳನ್ನು ಅಂಟಿಸುವ ಮುನ್ನ ನರ್ಸ್ ದಾಕ್ಷಾಯಿಣಿ ಮುದುಕಿಯ ಕಿವಿಯ ಹತ್ತಿರ ಬಾಗಿ ಕೇಳಿದ್ದಳು: "ಆಯಿ, ಕರಡಿಗಿ ತಗದು ಮಗನ ಕೈಯಾಗ ಕೊಡ್ಲೇನ್ರಿ?"

ಸಾವಂತ್ರೆವ್ವನಿಗೆ ಮಾತಾಡುವಷ್ಟು ಉಸಿರಿರಲಿಲ್ಲ. ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಯನ್ನು, ಅದರೊಳಗಿನ ಇಷ್ಟಲಿಂಗ ಸಮೇತ, ಮುಷ್ಟಿಯಲ್ಲಿ ಹಿಡಿದುಕೊಂಡು ತಲೆ ಅಲ್ಲಾಡಿಸಿದಳು. ಹುಟ್ಟಿದ ಹೊಸದರಲ್ಲಿ ಕಟ್ಟಿದ ಲಿಂಗ ಅದು, ಮಣ್ಣಿಗೆ ಹೋಗುವಾಗಲೂ ಜೊತೆಗೇ ಹೋಗುವಂಥದ್ದು. ನಿಡಸೋಸಿಯಲ್ಲಿ ಮಠದ ನೆರಳಿಗೇ ಬೆಳೆದ ದಾಕ್ಷಾಯಿಣಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಬಿಳಿ ಕೋಟಿನ ಒಳಗೂ ಒಂದು ಕರಡಿಗೆ ಇತ್ತು. ಅಂಟುಬಿಲ್ಲೆಗಳನ್ನು ಆಚೀಚೆ ಸರಿಸಿ, ಮುದುಕಿಯ ಲಿಂಗವನ್ನು ಇದ್ದಲ್ಲೇ ಬಿಟ್ಟು, ಮಾನಿಟರ್ ಚಾಲೂ ಮಾಡಿದಳು.

ಗೋಕಾಕದಿಂದ ಹುಕ್ಕೇರಿಗೆ ಹೋಗುವ ದಾರಿಯಲ್ಲಿ, ಊರು ಮುಗಿದು ಕಬ್ಬಿನ ಹೊಲಗಳು ಶುರುವಾಗುವ ಕಡೆ ಇರುವ ಶರಣಬಂಧು ಆಸ್ಪತ್ರೆ ದೊಡ್ಡದೇನಲ್ಲ. ತುರ್ತು ಚಿಕಿತ್ಸೆಯ ಕೋಣೆ ಒಂದೇ. ಹಾವು ಕಡಿದವರು, ಟ್ರ್ಯಾಕ್ಟರಿನಿಂದ ಬಿದ್ದವರು, ಎದೆ ಹಿಡಿದುಕೊಂಡು ಬಂದವರು ಎಲ್ಲರೂ ಅಲ್ಲಿಗೇ ಬರಬೇಕು. ಜೀವ ತೂಗುಯ್ಯಾಲೆಯಲ್ಲಿದ್ದವರನ್ನು ಮಾತ್ರ ಕಿಟಕಿ ಪಕ್ಕದ ಮಂಚದ ಮೇಲೆ ಇಟ್ಟುಕೊಳ್ಳುತ್ತಿದ್ದರು. ಬೆಲ್ಲದ ಬಾಗೇವಾಡಿಯ ಸಾವಂತ್ರೆವ್ವ ಆ ಮಂಚಕ್ಕೆ ಬಂದು ಕೆಲವು ದಿನಗಳಾಗಿದ್ದವು. ಹೃದಯ ಸೋತು ಎದೆಯಲ್ಲಿ ನೀರು ತುಂಬಿತ್ತು. ಔಷಧಕ್ಕೆ ನೀರು ಇಳಿದು, ಉಸಿರು ತುಸು ಹಗುರಾದ ಮೇಲೆ ಆಕೆಗೆ ಮಾತು ಮರಳಿತು. ಮರಳಿದ ಮಾತೆಲ್ಲ ಒಂದೇ ಕಡೆ ಹರಿಯಿತು.

"ನನಗ ಒಬ್ಬಾಕಿ ಮಗಳದಾಳವಾ," ಅಂದಿದ್ದಳು, ದಾಕ್ಷಾಯಿಣಿ ತಲೆಗೂದಲು ಬಾಚಿಕೊಡುತ್ತಿದ್ದಾಗ. "ಮೂಡಲಗ್ಯಾಗ ಅದಾಳ. ನೇತ್ರಾ ಅಂತ."

"ನೋಡಾಕ ಬಂದಿಲ್ಲಲ್ರಿ?"

"ಬರಂಗಿಲ್ಲ."

ಆಮೇಲೆ ಕತೆ ಹೊರಬಿತ್ತು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಮೂಡಲಗಿ ಕಡೆಯ ಕುರುಬರು ತಮ್ಮ ಹಿಂಡು ತಂದು ಸಾವಂತ್ರೆವ್ವನ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸುತ್ತಿದ್ದರು. ಹಿಂಡಿನ ಜೊತೆ ಬರುತ್ತಿದ್ದ ಸಿದ್ರಾಯನಿಗೂ ನೇತ್ರಾಳಿಗೂ ಮನಸ್ಸು ಕೂಡಿತು. ಮನೆಯಲ್ಲಿ ಗೊತ್ತಾದಾಗ ಗಂಡಸರು ಕೂಗಾಡಿ ಸುಮ್ಮನಾದರು. ಸಾವಂತ್ರೆವ್ವ ಕೂಗಾಡಲಿಲ್ಲ. ಮಗಳು ಕೈಚೀಲ ಹಿಡಿದು ಹೊರಟಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಆಡಿದಳು: "ಹೋಗು. ಇನ್ನ ನನ್ನ ಮಣ್ಣಿಗೆ ಬಾ. ಅಲ್ಲೀತನಕ ಈ ಹೊಸ್ತಲಾ ತುಳೀಬ್ಯಾಡ."

"ಆಕಿ ಏನಂದ್ಲು ಗೊತ್ತೈತೇನು? 'ಆತು' ಅಂದ್ಲು. ಅಷ್ಟ. ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಅಲ್ಲೇನು? ಆಡಿದ್ದ ಆಡಿದ್ದು." ಹೇಳುವಾಗ ಮುದುಕಿಯ ದನಿಯಲ್ಲಿ ಬಿಗುಮಾನವೂ ಇತ್ತು, ಅದರ ಕೆಳಗೆ ಏನೋ ಕರಗಿದ್ದೂ ಇತ್ತು. "ಅವರಪ್ಪ ಹೋದಾಗೂ ಬರಲಿಲ್ಲವಾ. ಅಪ್ಪನ ಮಣ್ಣಿಗೆ ಬಾ ಅಂತ ನಾ ಅಂದಿದ್ದಿಲ್ಲಲ್ಲ."

"ಈಗ ಫೋನ್ ಹಚ್ಚಿ ಕೊಡ್ತೇನಿ, ಮಾತಾಡ್ರಿ ಆಯಿ."

"ಜೀವ ಇದ್ದಾಗ ಹೆಂಗ ಕರೀಲಿ? ಹಂಗಾರ ನನ್ನ ಮಾತ ಎಲ್ಲಿ ಉಳೀತು?" ಸಾವಂತ್ರೆವ್ವ ಕಿಟಕಿಯಾಚೆ ನೋಡಿದಳು. "ಸತ್ತ ಮ್ಯಾಲ ಬರ್ತಾಳ. ಬಂದ ಹಾಡ್ಯಾಡಿ ಅಳ್ತಾಳ. ಆಕಿ ದನಿ ನೀ ಕೇಳಿಲ್ಲ. ನಮ್ಮೂರಾಗ ಯಾರ ಮನ್ಯಾಗ ಸಾವಾದ್ರೂ ಆಕಿನ್ನ ಮುಂದ ಕುಂಡ್ರಸ್ತಿದ್ರು. ಸತ್ತವ್ರು ಮಾಡಿದ್ದು, ಉಣಿಸಿದ್ದು, ಬೈದದ್ದು, ಎಲ್ಲಾ ತಗದು ಹಾಡಾಕಿ. ಗಂಡಸ್ರು ಹೊರಗ ನಿಂತ ಕಣ್ಣ ಒರಸ್ಕೊಳ್ಳಾವ್ರು." ಕರಡಿಗೆಯ ಮೇಲೆ ಕೈ ಇಟ್ಟುಕೊಂಡು ಅಂದಳು: "ನನಗೂ ಹಾಡ್ತಾಳ. ಖರೆ ಅಂದ್ರ, ನನಗಷ್ಟ ಕೇಳಸೂದಿಲ್ಲ ಅದು."

ದಾಕ್ಷಾಯಿಣಿಯ ಕೈಯಲ್ಲಿದ್ದ ಬಾಚಣಿಕೆ ನಿಂತಿತು. ಅವಳ ತಾಯಿ ಕೊರೋನಾ ಹಬ್ಬಿದ ಕಾಲದಲ್ಲಿ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಹೋಗಿದ್ದಳು. ಮೂಟೆ ಕಟ್ಟಿದ ಹಾಗೆ ಕಟ್ಟಿ ಒಯ್ದಿದ್ದರು. ಸುತ್ತ ಕುಳಿತು ಹಾಡಲು ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಆ ಹಾಡು ಎಲ್ಲೋ ಉಳಿದೇ ಹೋಗಿದೆ ಎಂದು ಅವಳಿಗೆ ಆಗಾಗ ಅನ್ನಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಮುದುಕಿಯ ಬಿಳಿಗೂದಲನ್ನು ಎತ್ತಿ ಗಂಟು ಕಟ್ಟಿದಳು.

ರೋಹಿಣಿ ಮಳೆ ಗಾಳಿಯನ್ನು ಮುಂದೆ ಬಿಟ್ಟುಕೊಂಡು ಬಂದದ್ದು ಮರುದಿನ ಮಧ್ಯಾಹ್ನ. ಕಬ್ಬಿನ ಹೊಲದ ಮೇಲೆ ಕೆಂಪು ಧೂಳು ಗೋಡೆಯಂತೆ ಎದ್ದಿತು. ಎಲ್ಲಿಯೋ ಮರ ಮುರಿದ ಸದ್ದಾಯಿತು, ಅದರ ಹಿಂದೆಯೇ ಕಂಬ ಉರುಳಿದ ಸದ್ದು. ಕರೆಂಟು ಹೋಯಿತು.

ಹಗಲು ಹೊತ್ತಾದ್ದರಿಂದ ಮೊದಲು ಗೊತ್ತಾದದ್ದು ಕತ್ತಲೆಯಲ್ಲ, ನಿಶ್ಶಬ್ದ. ಫ್ಯಾನು ನಿಂತಿತು. ಆಕ್ಸಿಜನ್ ಯಂತ್ರದ ಗೊರಗೊರ ನಿಂತಿತು. ಔಷಧವನ್ನು ಹನಿಹನಿಯಾಗಿ ನರಕ್ಕೆ ದೂಡುತ್ತಿದ್ದ ಪಂಪು ನಿಂತಿತು. ಹಿತ್ತಲಲ್ಲಿ ಪರಸಪ್ಪ ಜನರೇಟರ್ ಎಬ್ಬಿಸಿದ. ಆಂಬ್ಯುಲೆನ್ಸಿಗೂ ಅವನೇ ಡ್ರೈವರ್, ಜನರೇಟರಿಗೂ ಅವನೇ ಯಜಮಾನ. ಅದು ಕೆಮ್ಮಿತು, ಗುಡುಗಿತು, ಒಮ್ಮೆ ಪಟ್ಟೆಂದು ಸದ್ದು ಮಾಡಿ ಸುಮ್ಮನಾಯಿತು.

"ಬೆಲ್ಟ್ ಹರೀತ್ರಿ ಡಾಕ್ಟ್ರ!" ಎಂದು ಹೊರಗಿನಿಂದಲೇ ಕೂಗಿದ.

"ಹೋಗಿ ತಗೊಂಡ ಬಾ. ಬರುವಾಗ ಒಂದ ಆಕ್ಸಿಜನ್ ಸಿಲಿಂಡರನೂ ಹಾಕ್ಕೊಂಡ ಬಾ. ಓಡು!" ಎಂದರು ಡಾಕ್ಟರ್ ಸೋಮಶೇಖರ. ಇನ್ನೂ ಮದುವೆಯಾಗದ ಹುಡುಗ ಡಾಕ್ಟರು. ಗಾಳಿಗೆ ಹಾರಿ ಬಂದ ತಗಡು ತಲೆಗೆ ಬಡಿದು ಬಂದಿದ್ದ ದಡ್ಡಿ ಊರಿನ ಅಪ್ಪಣ್ಣನಿಗೆ ಅವರು ಹೊಲಿಗೆ ಹಾಕುತ್ತಿದ್ದರು. ಆಯಾ ಸತ್ತೆವ್ವ ಮೊಬೈಲಿನ ಬೆಳಕು ಹಿಡಿದಳು.

"ಹೊಲಿಗಿ ಸೊಟ್ಟ ಹಾಕಬ್ಯಾಡ್ರಿ ಡಾಕ್ಟ್ರ. ಮನ್ಯಾಗ ಹೇಣ್ತಿ ಗುರ್ತ ಹಿಡಿಯೂದಿಲ್ಲ," ಎಂದ ಅಪ್ಪಣ್ಣ.

"ಹಿಡೀಲಿಲ್ಲಂದ್ರ ಪಾಪ ಆಕೀಗೆ ಆರಾಮ. ಅಲ್ಲಾಡಬ್ಯಾಡೋ ಯಣ್ಣಾ," ಎಂದಳು ಸತ್ತೆವ್ವ.

ಕಿಟಕಿ ಪಕ್ಕದ ಮಂಚದಲ್ಲಿ ನಗುವ ಹೊತ್ತಾಗಿರಲಿಲ್ಲ. ಆಕ್ಸಿಜನ್ ಯಂತ್ರ ನಿಂತಿದ್ದರಿಂದ ಮುದುಕಿಯ ಮೂಗಿನ ಮೇಲಿನ ಮುಖವಾಡದೊಳಗೆ ಗಾಳಿ ಬರುತ್ತಿರಲಿಲ್ಲ. ಮಾನಿಟರ್ ತನ್ನೊಳಗಿನ ಹಳೆಯ ಬ್ಯಾಟರಿಯ ಮೇಲೆ ತುಸು ಹೊತ್ತು ಉಸಿರಾಡಿ, ಉದ್ದಕ್ಕೆ ಒಂದು ಸಲ ಕೂಗಿ ಕಪ್ಪಾಯಿತು. ದಾಕ್ಷಾಯಿಣಿ ಸಾವಂತ್ರೆವ್ವನ ಮುಖವಾಡ ಬಿಚ್ಚಿ ತೆಗೆದಳು. "ಸತ್ತೆವ್ವಾ, ದೊಡ್ಡ ಸಿಲಿಂಡರ್ ತಾ! ಪರದೇ ಎಳಿ, ಧೂಳ ಬರಾಕತ್ತೇತಿ!" ಸತ್ತೆವ್ವ ಓಡಿ ಬಂದು ಮಂಚದ ಸುತ್ತ ಪರದೆ ಎಳೆದಳು. ಇಬ್ಬರೂ ಸೇರಿ ಗೋಡೆ ಬದಿಯ ಸಿಲಿಂಡರನ್ನು ಉರುಳಿಸಿ ತಂದು, ಕೊಳವೆ ಸಿಕ್ಕಿಸಿ, ಮುಖವಾಡವನ್ನು ಮತ್ತೆ ಮುದುಕಿಯ ಮೂಗಿನ ಮೇಲೆ ಇಟ್ಟರು. ಕೂಗು, ಕಪ್ಪು, ಮುಖವಾಡ, ಪರದೆ. ಇಷ್ಟನ್ನೂ ಬಾಗಿಲಿನ ಗಾಜಿನಾಚೆ ನಿಂತು ಒಬ್ಬ ನೋಡುತ್ತಿದ್ದ. ಅದು ಇಬ್ಬರಿಗೂ ಗೊತ್ತಾಗಲಿಲ್ಲ.

ಪಂಪಿನ ಔಷಧವನ್ನು ಬಾಟಲಿಗೆ ಬೆರೆಸಿ ಕಂಬಿಗೆ ತೂಗುಹಾಕಿ ದಾಕ್ಷಾಯಿಣಿ ಸ್ಟೂಲಿನ ಮೇಲೆ ಕುಳಿತಳು. ಒಂದು ಕೈ ಮುದುಕಿಯ ನಾಡಿಯ ಮೇಲೆ, ಕಣ್ಣು ಬೀಳುವ ಹನಿಯ ಮೇಲೆ. ಮಾನಿಟರ್ ಇಲ್ಲದೆ ಉಸಿರನ್ನು ಹೇಗೆ ನೋಡುವುದು ಎಂದು ಯೋಚಿಸುವಷ್ಟರಲ್ಲಿ ಎದೆಯ ಮೇಲಿನ ಕರಡಿಗೆ ಕಂಡಿತು. ಕಿಟಕಿಯ ಬೆಳಕು ಆ ಬೆಳ್ಳಿಯ ಮೇಲೆ ಬಿದ್ದಿತ್ತು. ಉಸಿರು ಒಳಗೆ ಹೋದಾಗ ಬೆಳಕು ಮೇಲೇಳುತ್ತಿತ್ತು, ಹೊರಗೆ ಬಂದಾಗ ಇಳಿಯುತ್ತಿತ್ತು. ಬೆಳಗಿನ ಪೂಜೆಯಲ್ಲಿ ಅಂಗೈಯ ಲಿಂಗದ ಮೇಲೆ ಕಣ್ಣು ನೆಡುವ ರೂಢಿ ಅವಳಿಗೆ ಚಿಕ್ಕಂದಿನಿಂದ ಇತ್ತು. ಈಗಲೂ ಹಾಗೆಯೇ ನೆಟ್ಟಳು. ಮನಸ್ಸು ತಾನಾಗಿಯೇ ನಿಂತಿತು.

ಮಳೆ ಧೋ ಎಂದು ಸುರಿಯತೊಡಗಿತು. ಆಗ ಬಾಗಿಲು ತೆರೆದುಕೊಂಡು ಸಾವಂತ್ರೆವ್ವನ ಮಗ ಕಾಶಿನಾಥ ಬಂದ. ಮೈಯೆಲ್ಲ ತೊಯ್ದಿತ್ತು. ಎರಡೂ ಕೈ ಮುಗಿದುಕೊಂಡು, ತಲೆ ತಗ್ಗಿಸಿ, ಪರದೆ ಸರಿಸಿ, ತಾಯಿಯ ಕಾಲ ಬಳಿ ಹಣೆ ಹಚ್ಚಿದ.

"ಅಂಗಿ ತೊಯ್ದೇತಲ್ಲೋ ಕಾಶೀ," ಎಂದಳು ಸಾವಂತ್ರೆವ್ವ ಮುಖವಾಡದೊಳಗಿನಿಂದ. "ನೆಗಡಿ ಹಿಡೀತೈತಿ."

ಕಾಶಿನಾಥ "ಯವ್ವಾ!" ಎಂದು ಚೀರಿ ಹಿಂದೆ ಹಾರಿದ. ಸಲಾಯಿನ್ ಕಂಬಿಗೆ ಬಡಿದುಕೊಂಡ. ಹೊಲಿಗೆ ಮುಗಿಸಿಕೊಂಡು ಕುಳಿತಿದ್ದ ಅಪ್ಪಣ್ಣನೂ ಎದ್ದು ನಿಂತ.

ದಾಕ್ಷಾಯಿಣಿ ಅವನನ್ನು ಹೊರಗಿನ ಪಡಸಾಲೆಗೆ ಎಳೆದೊಯ್ದಳು. ಡಾಕ್ಟರು, ಸತ್ತೆವ್ವ ಇಬ್ಬರೂ ಬಂದರು. ಕಾಶಿನಾಥ ಗೋಡೆಗೆ ಒರಗಿ ಕುಸಿದ.

"ಮಿಷೀನ್ ಬಂದ್ ಆತು. ನೀವು ಬಾಯಿ ಮ್ಯಾಲಿಂದ ತಗದ್ರಿ. ಪರದೇ ಎಳದ್ರಿ. ನಾ ಏನಂತ ತಿಳ್ಕೋಬೇಕ್ರಿ ಸಿಸ್ಟರ?"

"ನಿಮ್ಮವ್ವನ ಜೀವ ಏನ್ ಟೀವಿ ಒಳಗ ಇತ್ತೇನ್ರಿ?" ಎಂದಳು ಸತ್ತೆವ್ವ. "ಒಂದ ಮಾತ ಕೇಳಬಾರದಾ?"

"ಊರಿಗೆ ಫೋನ್ ಮಾಡಿಬಿಟ್ಟೇನಿ. ಕಾಕಾಗ ಹೇಳಿದ್ನಿ, ಅವ್ವ ಹೋದ್ಲು ಅಂತ." ಕಾಶಿನಾಥ ಮುಖ ಮುಚ್ಚಿಕೊಂಡ. "ಮೂಡಲಗಿಗೂ ಮಾಡಿದ್ನಿ. ಅಕ್ಕಗ. ಇಷ್ಟ ವರ್ಷ ನಂಬರ ಇಟ್ಕೊಂಡ ತಿರಗೇನಿ, ಒಮ್ಮೀನೂ ಒತ್ತಿದಾಂವಲ್ಲ. ಇವತ್ತ ಒತ್ತಿದ್ನಿ. ಶರಣಬಂಧು ದವಾಖಾನ್ಯಾಗ ಅವ್ವ ಹೋದ್ಲು ಅಂದ್ನಿ. ಆಕಿ ಏನೂ ಅನ್ನಲಿಲ್ರಿ. ಉಸರಾಡೂದ ಅಷ್ಟ ಕೇಳಸ್ತು. ಅಷ್ಟರಾಗ ಕಟ್ ಆತು."

ಡಾಕ್ಟರು ಮೊಬೈಲ್ ತೆಗೆದು ನೋಡಿದರು. ದಾಕ್ಷಾಯಿಣಿಯೂ ನೋಡಿದಳು. ಒಬ್ಬರದಕ್ಕೂ ನೆಟ್‌ವರ್ಕ್ ಇರಲಿಲ್ಲ. ಕರೆಂಟಿನ ಜೊತೆ ಟವರೂ ಹೋಗಿತ್ತು. ಸತ್ತ ಸುದ್ದಿ ಮಳೆಯಲ್ಲಿ ಊರೂರು ದಾಟುತ್ತಿತ್ತು, ಬದುಕಿದ ಸುದ್ದಿಗೆ ದಾರಿ ಇರಲಿಲ್ಲ.

"ನಾ ಗಾಡಿ ತಗೊಂಡ ಹುಕ್ಕೇರಿ ಕಡೆ ಎಲ್ಲೆ ಟವರ್ ಸಿಗ್ತೈತಿ ಅಲ್ಲೀತನಕ ಹೋಗ್ತೇನಿ," ಎಂದು ಕಾಶಿನಾಥ ಎದ್ದ. ಬಾಗಿಲ ತನಕ ಹೋಗಿ ತಿರುಗಿ ಬಂದ. "ಸಿಸ್ಟರ, ಖರೇನ ಅದಾಳಲ್ರಿ?"

"ಅದಾರ. ನೀವು ಹೋಗಿ ಬರ್ರಿ, ಸಾವಕಾಶ ಹೋಗ್ರಿ."

ಅವನು ಹೋದ ಮೇಲೆ ಸತ್ತೆವ್ವ ಸೆರಗು ಸರಿಪಡಿಸಿಕೊಂಡು ಅಂದಳು: "ಇದೇನ್ ಕೆಟ್ಟದ್ದಾಗಿಲ್ರಿ ಸಿಸ್ಟರ. ನಮ್ಮ ಕಡೆ ತಲೀಗೆ ಕಾಗಿ ಬಡದ್ರ ಬೇಕಂತ ಸತ್ತ ಸುದ್ದಿ ಕಳಸ್ತೇವಿ. ಬೀಗರು ಬಂಧುಗಳು ಅತ್ತಕೋತ ಬರ್ತಾರ. ಆ ಕಣ್ಣೀರ ಬಿದ್ರ ಕಂಟಕ ಕಳೀತು ಅಂತ. ಅತ್ತು ಮುಗದ ಮ್ಯಾಲ ಹೇಳೂದು, ಮೊದಲ ಹೇಳಬಾರ್ದು."

"ನಾವು ಶಕುನಾ ಗಿಕುನಾ ನಂಬೂದಿಲ್ಲ ಸತ್ತೆವ್ವಾ."

"ನೀವು ನಂಬಬ್ಯಾಡ್ರಿ. ಅಳಾವ್ರು ಅಳಲಿ," ಎಂದು ಸತ್ತೆವ್ವ ನೆಲ ಒರೆಸಲು ಹೋದಳು.

ದಾಕ್ಷಾಯಿಣಿ ಮಂಚಕ್ಕೆ ಮರಳಿ ನಾಡಿ ಹಿಡಿದಳು. ಮುದುಕಿಯ ಕಣ್ಣು ಮುಚ್ಚಿತ್ತು. ಮಲಗಿದ್ದಾಳೆ ಅಂದುಕೊಳ್ಳುವಷ್ಟರಲ್ಲಿ ಮುಖವಾಡದೊಳಗಿನಿಂದ ಮಾತು ಬಂತು.

"ಮೂಡಲಗಿಗೂ ಹೇಳ್ಯಾನ?"

"ಆಯಿ... ನಿಮಗ ಕೇಳಿಸ್ತೇನ್ರಿ?"

"ಪಂಖ ನಿಂತಾವಲ್ಲವಾ. ಎಲ್ಲಾ ಕೇಳಸ್ತೈತಿ."

ಬೆರಳ ಕೆಳಗೆ ನಾಡಿ ಒಮ್ಮೆ ನೆಗೆದು, ತಡವರಿಸಿ, ಮತ್ತೆ ನಡೆಯಿತು. ದಾಕ್ಷಾಯಿಣಿ ಗಾಬರಿಯಿಂದ ಡಾಕ್ಟರನ್ನು ನೋಡಿದಳು. ಅವರು ಬಂದು ಕಿವಿಗೊಳವೆ ಇಟ್ಟು ಕೇಳಿದರು, ಕೈಯಿಂದ ಒತ್ತುವ ಪಟ್ಟಿ ಕಟ್ಟಿ ಬಿ.ಪಿ. ನೋಡಿದರು, ಸಿಲಿಂಡರಿನ ಮುಳ್ಳು ನೋಡಿದರು. ಮುಳ್ಳು ಕೆಂಪಿನ ಕಡೆ ಜಾರುತ್ತಿತ್ತು. ಗಾಳಿಯ ತಿರುಪನ್ನು ಸ್ವಲ್ಪ ಕಡಿಮೆ ಮಾಡಿದರು.

"ಪರಸಪ್ಪ ಎಲ್ಲಿ ಹೋದ?" ಎಂದು ತಮ್ಮಷ್ಟಕ್ಕೆ ಅಂದುಕೊಂಡು, ದಾಕ್ಷಾಯಿಣಿಯ ಕಿವಿಯಲ್ಲಿ ಹೇಳಿದರು: "ಈ ಸಂಜೀ ದಾಟಿಸಬೇಕ್ರಿ. ಮನಸಿಗೆ ಬಡೀವಂಥಾದ್ದು ಏನೂ ಆಗಬಾರ್ದು."

ಸಾವಂತ್ರೆವ್ವ ಅದನ್ನೂ ಕೇಳಿಸಿಕೊಂಡಳು. "ದಾಟತೇನಿ," ಎಂದಳು. "ಆಕಿ ಬರೂತನಕ ಇರ್ತೇನಿ. ಮಣ್ಣಿಗೆ ಬಾ ಅಂದೇನಿ, ಬರ್ತಾಳ. ಮಳಿ ಇದ್ರೂ ಬರ್ತಾಳ."

ಮಳೆ ಕಡಿಮೆಯಾಗುತ್ತ ಬಂತು. ಮೂಡಲಗಿಯಿಂದ ಇಲ್ಲಿಗೆ ಬರುವ ದಾರಿಯನ್ನು ದಾಕ್ಷಾಯಿಣಿ ಮನಸ್ಸಿನಲ್ಲೇ ನಡೆದಳು. ಒದ್ದೆ ರಸ್ತೆ, ಉರುಳಿದ ಕಂಬಗಳು, ಗೋಕಾಕದ ಪೇಟೆ, ಹೊಳೆ, ಕಬ್ಬಿನ ಹೊಲ. ಯಾರಿಗಾಗಿಯೋ ಹೀಗೆ ದಾರಿ ನೋಡಿ ಎಷ್ಟು ಕಾಲವಾಗಿತ್ತು! ಅವಳ ತಾಯಿ ಬೆಳಗಾವಿಗೆ ಹೋಗುವ ಗಾಡಿ ಹತ್ತುವಾಗ, "ನಾಳೆ ನಾಡದ ಬರ್ತೇನಿ, ತುಳಸೀಗೆ ನೀರ ಹಾಕು" ಅಂದಿದ್ದಳು. ಆ ದಾರಿಯನ್ನು ದಾಕ್ಷಾಯಿಣಿ ನೋಡುತ್ತಲೇ ಉಳಿದಿದ್ದಳು. 'ತಂದೇ, ಈ ಮಗಳ ದಾರಿಯನ್ನಾದರೂ ಕೊನೆ ಮುಟ್ಟಿಸು' ಎಂದು ಒಳಗೇ ಬೇಡಿಕೊಂಡಳು. ಕರಡಿಗೆಯ ಬೆಳಕು ಏಳುತ್ತಿತ್ತು, ಇಳಿಯುತ್ತಿತ್ತು. ಇಳಿದಾಗ ಒಮ್ಮೊಮ್ಮೆ ಬಹಳ ಹೊತ್ತು ಇಳಿದೇ ಇರುತ್ತಿತ್ತು. ಆಗೆಲ್ಲ ದಾಕ್ಷಾಯಿಣಿ ಮುದುಕಿಯ ಅಂಗೈ ಒತ್ತಿ, "ಆಯಿ, ಉಸರ ತಗೊಳ್ರಿ. ಇನ್ನೊಂದ ತಗೊಳ್ರಿ" ಎನ್ನುತ್ತಿದ್ದಳು. ಬೆಳಕು ಮತ್ತೆ ಏಳುತ್ತಿತ್ತು.

ಪಡುವಣದಲ್ಲಿ ಮೋಡ ಬಿರಿದು ಹಳದಿ ಬಿಸಿಲು ಬಿತ್ತು. ಕಿಟಕಿ ತೆರೆದೇ ಇತ್ತು. ಹೊರಗೆ ತಗಡಿನಿಂದ ಹನಿ ತೊಟ್ಟಿಕ್ಕುವುದು ಬಿಟ್ಟರೆ ಸದ್ದಿರಲಿಲ್ಲ. ಆಗ ದೂರದಲ್ಲಿ, ಬೇವಿನ ಮರ ಅಡ್ಡ ಬಿದ್ದಿದ್ದ ರಸ್ತೆಯ ತಿರುವಿನ ಕಡೆಯಿಂದ, ಒಂದು ದನಿ ಎದ್ದಿತು.

"ಯವ್ವಾ... ನನ್ನ ಹಡದವ್ವಾ..."

ಸಾವಂತ್ರೆವ್ವನ ಕಣ್ಣು ತೆರೆಯಿತು.

ದಾಕ್ಷಾಯಿಣಿ ಎದ್ದು ನಿಂತಳು. ಓಡಿಹೋಗಿ ಹೇಳಬೇಕು, ತಾಯಿ ಇದ್ದಾಳೆ, ಅಳಬೇಡ ಎಂದು. ಎರಡು ಹೆಜ್ಜೆ ಇಡುವುದರೊಳಗೆ ಅವಳ ಮಣಿಕಟ್ಟನ್ನು ಒಂದು ಕೈ ಹಿಡಿಯಿತು. ಬಲವಿಲ್ಲದ ಆ ಕೈಗೆ ಎಲ್ಲಿಂದಲೋ ಬಲ ಬಂದಿತ್ತು.

"ತಡಿ," ಎಂದಳು ಸಾವಂತ್ರೆವ್ವ. "ಹೇಳಬ್ಯಾಡ. ಕೇಳ್ತೇನಿ."

"ಸಿಸ್ಟರ, ಹೋಗಿ ಹೇಳ್ರಿ ಅವರಿಗೆ," ಎಂದರು ಡಾಕ್ಟರು. "ಆಯೀಗೆ ತ್ರಾಸ ಆಗ್ತೈತಿ."

"ಒಂದ ಗಳಿಗಿ ಸರ್." ದಾಕ್ಷಾಯಿಣಿ ಡಾಕ್ಟರಿಗೆ ಹಿಂದೆಂದೂ ಎದುರಾಡಿರಲಿಲ್ಲ. ಮುದುಕಿಯ ಕೈಯನ್ನು ತಿರುಗಿಸಿ ನಾಡಿ ಹುಡುಕಿದಳು. "ನೋಡ್ರಿ ಇಲ್ಲೆ. ನಾಡಿ ಗಟ್ಟಿ ಆಗೇತಿ."

ಡಾಕ್ಟರು ಬೆರಳಿಟ್ಟು ನೋಡಿದರು. ಬೆರಳನ್ನು ಅಲ್ಲಿಯೇ ಬಿಟ್ಟರು. ಬಾಗಿಲಲ್ಲಿ ಸತ್ತೆವ್ವ ಕಸಬರಿಗೆ ಹಿಡಿದು ಕಂಬದಂತೆ ನಿಂತಿದ್ದಳು.

ದನಿ ಹತ್ತಿರ ಬಂತು. ಅದು ಬರೀ ಅಳುವಾಗಿರಲಿಲ್ಲ. ಏರಿ, ಮುರಿದು, ಮತ್ತೆ ತನ್ನನ್ನು ತಾನೇ ಎತ್ತಿಕೊಂಡು ನಡೆಯುತ್ತಿತ್ತು.

"ನಸಕಿನ್ಯಾಗ ಎದ್ದು ಬೀಸಾಕಿ, ನನ್ನ ತೊಡಿ ಮ್ಯಾಲ ಹಾಕ್ಕೊಂಡು ಬೀಸಾಕಿ... ಹಿಟ್ಟ ಹತ್ತಿದ ಕೈಲೆ ಹಣಿ ಸವರಾಕಿ ನನ್ನವ್ವಾ... ಇನ್ನ ಯಾರ ಕೈ ಹುಡುಕಲೇ ನನ್ನ ಹಣೀಗೆ..."

ಸಾವಂತ್ರೆವ್ವ ಅಲ್ಲಾಡದೆ ಕೇಳುತ್ತಿದ್ದಳು. ಕಿವಿಯ ಪಕ್ಕಕ್ಕೆ ನೀರು ಇಳಿದು ದಿಂಬಿಗೆ ಸೇರಿತು.

"ಕೆಂದ ಆಕಳ ಗಿಣ್ಣ ಕಾಸಾಕಿ, ತಮ್ಮಗ ಕಾಣದ್ಹಂಗ ನನಗ ತಗದ ಇಡಾಕಿ... ಗ್ವಾಡಿ ಮಾಡದಾಗ ಮುಚ್ಚಿ ಇಡಾಕಿ ನನ್ನವ್ವಾ..."

ಮುದುಕಿಯ ತುಟಿ ಸಣ್ಣಗೆ ಬಿರಿಯಿತು. "ಆಕಳಲ್ಲವಾ," ಎಂದಳು ದಾಕ್ಷಾಯಿಣಿಗೆ ಮಾತ್ರ ಕೇಳುವಂತೆ. "ಎಮ್ಮಿ ಅದು. ಮರತಾಳ."

ದನಿ ಅಂಗಳಕ್ಕೆ ಬಂತು. ಮೆಟ್ಟಿಲು ಹತ್ತಿತು. ಗೋಡೆಗೆ ಒ‌ರಗಿ ನಿಂತು ಉಸಿರು ಹಿಡಿದುಕೊಂಡಿತು. ಆಮೇಲೆ ಬಂದದ್ದು ಮೊದಲಿನಷ್ಟು ಎತ್ತರದಲ್ಲಿರಲಿಲ್ಲ. ಇಷ್ಟು ವರ್ಷ ಒಬ್ಬಳೇ ಇಟ್ಟುಕೊಂಡದ್ದನ್ನು ಕೊನೆಗೆ ತೆಗೆದು ಕೊಡುವ ಹಾಗೆ ಇತ್ತು.

"ಊರಿಗೆಲ್ಲಾ ಬುತ್ತಿ ಕಟ್ಟಾಕಿ ನೀನು... ಹಾದಿ ಮ್ಯಾಲ ಹೋಗಾವ್ರನ್ನ ಕರದ ರೊಟ್ಟಿ ಕೊಡಾಕಿ ನೀನು... ಹಡದ ಮಗಳು ಹೊಸ್ತಲಾ ದಾಟಿದಾಗ ಒಂದ ರೊಟ್ಟಿ ಕಟ್ಟಲಿಲ್ಲಲ್ಲೇ ಯವ್ವಾ... ಬರಿಗೈಲೆ ಕಳಿಸಿದೆಲ್ಲೇ ನನ್ನ..."

ಬಾಗಿಲಲ್ಲಿ ಅವಳು ಕಂಡಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೊಣಕಾಲ ತನಕ ಕೆಸರು, ಮುಖದ ಮೇಲೆ ಎಳೆದುಕೊಂಡ ಒದ್ದೆ ಸೆರಗು. ಸ್ಟ್ರೆಚರ್ ಹಾಯಲೆಂದು ಆಸ್ಪತ್ರೆಯ ಬಾಗಿಲಿಗೆ ಹೊಸ್ತಿಲನ್ನೇ ಕಟ್ಟಿರಲಿಲ್ಲ. ನೇತ್ರಾ ಯಾರನ್ನೂ ನೋಡದೆ, ಪರದೆ ಇದ್ದ ಕಡೆ ನಡೆದು, ಸರಿಸಿ, ತಾಯಿಯ ಕಾಲು ಹಿಡಿದುಕೊಂಡು ಕುಸಿದಳು.

ಹಾಡು ಅರ್ಧಕ್ಕೆ ನಿಂತಿತು. ಕೈಗೆ ಸಿಕ್ಕ ಪಾದಗಳು ಬೆಚ್ಚಗಿದ್ದವು.

"ಕಟ್ಟಿದ್ನ್ಯೇ," ಎಂದಳು ಸಾವಂತ್ರೆವ್ವ.

ನೇತ್ರಾ ತಲೆ ಎತ್ತಲಿಲ್ಲ. ಪಾದಗಳನ್ನು ಬಿಡಲೂ ಇಲ್ಲ.

"ಬುತ್ತಿ ಕಟ್ಟಿದ್ನ್ಯೇ ನೇತ್ರೀ. ನೀ ಅತ್ತಾಗ ಹೋದಿ, ನಾ ಇತ್ತಾಗ ಒಳಗ ಹೋಗಿ ಕಟ್ಟಿದ್ನಿ. ಅಗಸೀತನಕ ಓಡಿ ಬಂದ್ನಿ. ಬಸ್ಸ ಹೊಂಟಿತ್ತು. ಕೂಗಿದ್ನಿ. ನಿನಗ ಕೇಳಸಲಿಲ್ಲ."

ಬಾಟಲಿಯ ಹನಿ ಬೀಳುತ್ತಿತ್ತು. ನೇತ್ರಾ, ಮುಖವನ್ನು ಆ ಪಾದಗಳ ಮೇಲೆಯೇ ಇಟ್ಟು, ಶಾಲೆಯಿಂದ ಬಂದ ಹುಡುಗಿ ಕೇಳುವ ಹಾಗೆ ಕೇಳಿದಳು:

"ಏನೇನ ಕಟ್ಟಿದ್ದಿ?"

"ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ. ಶೇಂಗಾ ಹಿಂಡಿ. ಬೆಲ್ಲಾ ಇಟ್ಟಿದ್ನಿ ಒಂದ ಹಳಕ."

"ಏನ್ ಮಾಡಿದಿ ಅದನ್ನ?"

"ತಿರುಗಿ ಮನಿಗೆ ಒಯ್ಯಾಕ ಮನಸ ಬರಲಿಲ್ಲ. ಅಗಸೀ ಕಟ್ಟಿ ಮ್ಯಾಲ ಕುಂತ ತಿಂದ್ನಿ. ಒಬ್ಬಾಕಿನ." ಉಸಿರಿಗೆ ತಡೆದಳು. "ನುಂಗಾಕ ಆಗಲಿಲ್ಲವಾ. ತಿಂದ್ನಿ."

ನೇತ್ರಾಳ ಹೆಗಲು ಅದುರತೊಡಗಿತು. ಈ ಅಳುವಿಗೆ ದನಿ ಇರಲಿಲ್ಲ, ಹಾಡು ಇರಲಿಲ್ಲ. ದಾಕ್ಷಾಯಿಣಿ ಬಾಗಿ ಅವಳನ್ನು ಎಬ್ಬಿಸಿ, ತನ್ನ ಸ್ಟೂಲನ್ನು ಅವಳಿಗೆ ಬಿಟ್ಟುಕೊಟ್ಟಳು. ಸಾವಂತ್ರೆವ್ವ ಕೈ ಎತ್ತಿ, ಎಟುಕದೆ, ಮಗಳು ಬಾಗಿದ ಮೇಲೆ ಅವಳ ಹಣೆ ಸವರಿದಳು.

ಆಗ ಪಡಸಾಲೆಯಲ್ಲಿ ಭಾರವಾದ ಹೆಜ್ಜೆಗಳು ಕೇಳಿದವು. "ಸರೀರಿ, ಸರೀರಿ," ಎಂದು ಪರಸಪ್ಪ ಮುಂದೆ ಬಂದ. ಅವನ ಹಿಂದೆ, ಒದ್ದೆ ಕಂಬಳಿಯನ್ನು ಹೆಗಲಿಗೆ ಮಡಿಸಿ ಹಾಕಿ, ಅದರ ಮೇಲೆ ಆಕ್ಸಿಜನ್ ಸಿಲಿಂಡರ್ ಹೊತ್ತ ಒಬ್ಬ ಗಟ್ಟಿ ಆಳು. "ಬೇವಿನ ಗಿಡದ ಆ ಕಡೆ ಗಾಡಿ ನಿಂತಬಿಡ್ತ್ರಿ ಡಾಕ್ಟ್ರ. ನನಗೊಬ್ಬಂಗ ಇದನ್ನ ದಾಟಸಾಕ ಆಗವಲ್ದು. ಈ ಅಣ್ಣಾ ಅಲ್ಲೇ ತನ್ನ ಗಾಡ್ಯಾಗಿಂದ ಒಬ್ಬ ಹೆಣ್ಮಗಳನ್ನ ಇಳಿಸಿ ನಿಂತಿದ್ದ. ಕೇಳಿದ್ನಿ. ಕುರಿ ಎತ್ತಿಕೊಂಡ್ಹಂಗ ಹೊತ್ಕೊಂಡ ಬಂದ!"

ಡಾಕ್ಟರು ಓಡಿ ಬಂದು ಸಿಲಿಂಡರ್ ಇಳಿಸಿಕೊಂಡರು. ಹಳೆಯದರ ಮುಳ್ಳು ಕೆಂಪಿನಲ್ಲಿ ಮಲಗಿತ್ತು. ಕೊಳವೆ ಬದಲಾಯಿತು. ಗಾಳಿ ಸುಯ್ಯೆಂದಿತು. ಹೊತ್ತು ತಂದವನು ಮಾತ್ರ ಬಾಗಿಲಾಚೆಗೇ ನಿಂತ. ಮಂಚದ ಮೇಲೆ ಕಣ್ಣು ಬಿಟ್ಟು ಮಲಗಿದ ಅತ್ತೆಯನ್ನೂ ಪಕ್ಕದಲ್ಲಿ ಕುಳಿತ ಹೆಂಡತಿಯನ್ನೂ ನೋಡಿ ಸಿದ್ರಾಯನ ಬಾಯಿ ತೆರೆದೇ ಉಳಿಯಿತು.

"ಯಾರದು ಹೊರಗ?" ಎಂದಳು ಸಾವಂತ್ರೆವ್ವ.

"ಅವರ," ಎಂದಳು ನೇತ್ರಾ.

ಮುದುಕಿ ಹೊಸ ಗಾಳಿಯನ್ನು ಒಂದೆರಡು ಸಲ ಎಳೆದುಕೊಂಡಳು. "ಅಲ್ಲೆ ಹೊಸ್ತಲಾ ಏನರ ಐತೇನು?"

"ಇಲ್ಲ ಯವ್ವಾ."

"ಮತ್ತ ಯಾಕ ನಿಂತಾನ? ಒಳಗ ಬರಹೇಳು. ಕಂಬಳಿ ಹಿಂಡಿ ಒಣಾ ಹಾಕು ಅನ್ನು."

ಅಪ್ಪಣ್ಣ ತಲೆಯ ಪಟ್ಟಿಯ ಮೇಲೆ ಟವೆಲು ಸುತ್ತಿಕೊಂಡು, ಮೂಗು ಒರೆಸಿಕೊಂಡು, "ನಾ ಹೋಗ್ತೇನ್ರಿ, ಇಲ್ಲೆ ಇದ್ರ ನನ್ನ ಹೊಲಿಗಿ ಬಿಚ್ಚತಾವ," ಎಂದು ಎದ್ದ. ಆದರೂ ಹೋಗಲಿಲ್ಲ.

ಸಂಜೆಯ ಬೆಳಕು ಕಿಟಕಿಯಿಂದ ಹಿಂದೆ ಸರಿಯುತ್ತಿದ್ದಾಗ ಸಾವಂತ್ರೆವ್ವ ಮಗಳ ಕೈ ಅಲ್ಲಾಡಿಸಿದಳು. "ಇನ್ನ ಉಳದಿತ್ತಲ್ಲ, ಅದನ್ನ ಹಾಡು."

"ಏನ್ ಹಾಡ್ಲೇ ಯವ್ವಾ? ಜೀವ ಇದ್ದಾಕೀಗೆ ಹೆಂಗ ಹಾಡ್ಲಿ?"

"ಮಣ್ಣಿಗೆ ಬಂದೀದಿ. ಹಾಡು. ಆಮ್ಯಾಲ ನನಗೆಲ್ಲಿ ಕೇಳಸಬೇಕು?" ಎಂದಳು. ಮತ್ತೆ, ನೆನಪಾದವಳಂತೆ: "ಎಮ್ಮಿ ಅನ್ನು. ಆಕಳ ಅನಬ್ಯಾಡ."

ನೇತ್ರಾ ಅಳುತ್ತಲೇ ನಕ್ಕಳು. ಸೆರಗಿನಿಂದ ಮುಖ ಒರೆಸಿಕೊಂಡು, ತಾಯಿಯ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಸಣ್ಣ ದನಿಯಲ್ಲಿ ಎತ್ತಿಕೊಂಡಳು.

ಅಷ್ಟರಲ್ಲಿ ಕರೆಂಟು ಬಂತು. ದೀಪ ಹತ್ತಿತು. ಆಕ್ಸಿಜನ್ ಯಂತ್ರ ಗೊರಗುಟ್ಟಿತು. ಮಾನಿಟರ್ ಒಮ್ಮೆ ಕಣ್ಣು ಮಿಟುಕಿಸಿ ಹಸಿರು ಗೆರೆಯನ್ನು ಎಳೆಯತೊಡಗಿತು. ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ. ತಲೆಯ ಮೇಲೆ ಫ್ಯಾನು ಗರಗರ ತಿರುಗಿ, ನೇತ್ರಾಳ ಸಣ್ಣ ದನಿ ಅದರ ಗಾಳಿಯಲ್ಲಿ ಹರಿದು ಹೋಯಿತು.

"ಪಂಖ ಬಂದ್ ಮಾಡವಾ," ಎಂದಳು ಸಾವಂತ್ರೆವ್ವ ದಾಕ್ಷಾಯಿಣಿಗೆ. "ಆ ಗೊರಗೊರಾನೂ ಬಂದ್ ಮಾಡು. ಕೇಳವಲ್ದು."

ದಾಕ್ಷಾಯಿಣಿ ಡಾಕ್ಟರನ್ನು ನೋಡಿದಳು. ಹೊಸ ಸಿಲಿಂಡರ್ ತುಂಬಿತ್ತು. ಅವರು ತಲೆ ಆಡಿಸಿದರು. ಅವಳು ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿದಳು. ಫ್ಯಾನು ನಿಧಾನವಾಗಿ, ಇನ್ನೂ ನಿಧಾನವಾಗಿ ತಿರುಗಿ ನಿಂತಿತು. ಮಧ್ಯಾಹ್ನದ ಆ ನಿಶ್ಶಬ್ದ ಮತ್ತೆ ಕೋಣೆಗೆ ಬಂದು ಕುಳಿತುಕೊಂಡಿತು. ಅದರೊಳಗೆ ಒಂದು ಎಮ್ಮೆ ಕರು ಹಾಕಿತು, ಗಿಣ್ಣ ಕಾಯಿತು, ಗೋಡೆಯ ಮಾಡದಲ್ಲಿ ಒಂದು ಬಟ್ಟಲು ಅಡಗಿತು.

ದಾಕ್ಷಾಯಿಣಿ ಸ್ವಿಚ್ಚಿನ ಹಲಗೆಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು. ಅವಳ ತಾಯಿ ಬೀಸುತ್ತಿರಲಿಲ್ಲ, ಎಮ್ಮೆ ಕಟ್ಟಿರಲಿಲ್ಲ. ಆ ತಾಯಿಯ ಹಾಡನ್ನು ಶುರು ಮಾಡುವುದಾದರೆ ತುಳಸಿಯಿಂದ ಮಾಡಬೇಕು. ಬೆಳಗ್ಗೆ ತಲೆಗೆ ಒದ್ದೆ ಟವೆಲು ಕಟ್ಟಿಕೊಂಡು ನೀರು ಹಾಕುತ್ತಿದ್ದ ಆ ಹೊತ್ತಿನಿಂದ. ಅವಳ ತುಟಿ ತಾನಾಗಿ ಅಲುಗಿತು. ದನಿ ಬರಲಿಲ್ಲ. ಮಂಚದ ಕಡೆಯ ಹಾಡು ನಡೆದೇ ಇತ್ತು. ಅದರ ಹಿಂದೆ ಹಿಂದೆ, ಯಾರಿಗೂ ಕೇಳದಂತೆ, ಅವಳೂ ನಡೆದಳು.